ಒಂಬತ್ತನೇ ಅಂಕಣ

ಬೆಳ್ಳಾವಿ ದಾಟಿ, ಟಾರು ರಸ್ತೆ ಬಿಟ್ಟು, ತೆಂಗಿನ ತೋಟಗಳ ನಡುವಿನ ಗಾಡಿದಾರಿ ಹಿಡಿದರೆ ಎರಡನೇ ತಿರುವಿನಲ್ಲಿ ಒಂದು ಹೆಂಚಿನ ಮನೆ ಸಿಗುತ್ತಿತ್ತು. ಸುತ್ತಲ ನಾಲ್ಕು ಊರಿನವರಿಗೂ ಅದು ‘ಒಂಬತ್ತಂಕಣದ ಮನೆ’. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ; ಹಳೆಯ ಮನೆಗಳನ್ನು ಅಳೆಯುತ್ತಿದ್ದುದೇ ಹಾಗೆ. ತೊಂದರೆ ಏನೆಂದರೆ, ಆ ಮನೆಯೊಳಗೆ ನಿಂತು ಯಾರು ಎಣಿಸಿದರೂ ಎಂಟೇ ಸಿಗುತ್ತಿತ್ತು. ಜನಗಣತಿಗೆ ಬಂದ ಮೇಷ್ಟ್ರು ಎರಡು ಸಲ ಎಣಿಸಿ ಸೋತರು. ಕರೆಂಟು ಮೀಟರ್ ನೋಡಲು ಬಂದವನು ಕೇಳಿಯೇ ಬಿಟ್ಟ: “ಇನ್ನೊಂದು ಎಲ್ಲಿ ಹೋಯ್ತು ಅಜ್ಜಿ? ಯಾರಿಗಾದ್ರೂ ಬಳುವಳಿ ಕೊಟ್ಬುಟ್ರಾ?”

ದೊಡ್ಡಗಂಗಮ್ಮ ಎಲೆಅಡಿಕೆ ತುಂಬಿದ ಬಾಯಿ ತೆರೆಯದೆ, ಗದ್ದ ಎತ್ತಿ ಮೇಲೆ ತೋರಿಸಿದಳು. ಮೇಲಿದ್ದದ್ದು ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ.

ಅವನು ತಮಾಷೆಗೆ ಕೇಳಿದ್ದರೂ ಬಳುವಳಿಯ ಮಾತು ಸುಳ್ಳಲ್ಲ. ಮನೆ ಕಟ್ಟಿಸಿದವನು ಅವಳ ಅಪ್ಪ ಓಬಳಯ್ಯ. ಮಗಳನ್ನು ಹುತ್ರಿದುರ್ಗದ ಕಡೆ ಕೊಟ್ಟಿದ್ದ. ಮೂರನೇ ವರ್ಷಕ್ಕೆ ಗಂಡ ಕುಣಿಗಲ್ ಹತ್ತಿರ ಲಾರಿಗೆ ಸಿಕ್ಕು ಹೋದ. ಇಪ್ಪತ್ತೆರಡರ ಹುಡುಗಿ ಒಂದು ತಗಡಿನ ಟ್ರಂಕು ಹೊತ್ತು ವಾಪಸು ಬಂದಳು. ಅವಳಿಗೆ ಇನ್ನೊಂದು ಸಂಬಂಧ ನೋಡುವ ಮಾತು ಯಾರೂ ಎತ್ತಲಿಲ್ಲ. ಅಣ್ಣಂದಿರಿಬ್ಬರೂ ಒಳ್ಳೆಯವರೇ; ಆದರೆ ಒಳ್ಳೆಯತನಕ್ಕೆ ಬರವಣಿಗೆ ಇಲ್ಲದಿದ್ದರೆ ಅದು ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದು ಓಬಳಯ್ಯನಿಗೆ ಗೊತ್ತಿತ್ತು. ಪಾಲಿನ ಪತ್ರ ಬರೆಸುವಾಗ ದೊಡ್ಡ ಮಗನಿಗೆ ನಾಲ್ಕು ಅಂಕಣ, ಚಿಕ್ಕವನಿಗೆ ನಾಲ್ಕು ಅಂಕಣ ಅಂದ. ಪತ್ರ ಬರೆಯುವವನು ಗೆರೆ ಎಳೆಯಲು ಹೋದಾಗ, “ತಡಿಯಪ್ಪಾ, ಒಂಬತ್ತನೇದು ನನ್ ಮಗಳಿಗೆ” ಅಂದ.

“ಒಂಬತ್ತನೇದು ಎಲ್ಲೈತೆ ಓಬಳಯ್ಯ?”

“ಅಟ್ಟ.”

ಪತ್ರದವನು ಲೇಖನಿ ಕೆಳಗಿಟ್ಟು ನಕ್ಕ. “ಅಟ್ಟ ಅಂಕಣ ಆಗಲ್ಲ ಕಣಯ್ಯ. ಕಾನೂನು ಒಪ್ಪಲ್ಲ.”

“ನನ್ ಮಗ್ಳು ಅಲ್ಲಿ ನೆಟ್ಟಗೆ ನಿಂತ್ಕಂಡ್ರೆ ತಲೆಗೆ ಸೂರು ತಾಗಲ್ಲ. ಮನುಷ್ಯ ತಲೆ ಬಗ್ಗಿಸ್ದೆ ನಿಂತ್ಕೊಳೋ ಜಾಗಕ್ಕೆ ಅಂಕಣ ಅನ್ದೆ ಇನ್ನೇನಂತಾರೆ? ಬರಿ.”

ಬರೆದ. ಅಂದಿನಿಂದ ಎಂಟಂಕಣದ ಮನೆ ಊರ ಬಾಯಲ್ಲಿ ಒಂಬತ್ತಂಕಣದ ಮನೆಯಾಯಿತು. ಅವಳಿಗೆ ಮಾತ್ರ ಕೆಳಗೆ ಒಂದು ಗೇಣು ನೆಲವಿಲ್ಲದೆ ಮೇಲೆ ಪೂರ್ತಿ ಒಂದು ಅಂಕಣ. ಅತ್ತಿಗೆಯರು ಮುನಿಸು ಬಂದಾಗ “ಮೇಲ್ಮನೆಯವ್ರು” ಅಂತ ಚುಚ್ಚುತ್ತಿದ್ದರು. ಅವಳು ಏಣಿ ಹತ್ತಿ ಹೋಗಿಬಿಡುತ್ತಿದ್ದಳು. ಅಲ್ಲಿಗೆ ಅವರು ಬರುವಂತಿರಲಿಲ್ಲ, ಬೇರೆಯವರ ಆಸ್ತಿ.

ಆ ಅಟ್ಟವೇ ಅವಳಿಗೆ ಕೆಲಸ ಕಲಿಸಿತು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಬೇಕು. ಕೆಳಗಿನ ಒಲೆಯ ಹೊಗೆ ತಾಗುತ್ತಿರಬೇಕು. ಹತ್ತು ಹನ್ನೊಂದು ತಿಂಗಳಲ್ಲಿ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಒಳಗೇ ಉಂಡೆಯಾಗಿ ಉರುಳುತ್ತದೆ. ಅದೇ ಗಿಟುಕು ಕೊಬ್ಬರಿ. ಆಯಿತೋ ಇಲ್ಲವೋ ತಿಳಿಯಲು ಕಾಯಿ ಒಡೆಯುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಬುಳುಕ್ ಅಂದರೆ ನೀರಿದೆ. ಏನೂ ಅನ್ನದಿದ್ದರೆ ಅಂಟಿಕೊಂಡಿದೆ. ಗಟಗಟ ಅಂದರೆ ಇಳಿಸಬಹುದು. ಇದು ಎಲ್ಲರಿಗೂ ಗೊತ್ತು. ಆದರೆ ಗಟಗಟದಲ್ಲೂ ಒಳಗೆ ಬೂಷ್ಟು ಹಿಡಿದ ಗಟಗಟ ಬೇರೆ, ಹಸನಾದ ಗಟಗಟ ಬೇರೆ ಎಂದು ಹೇಳುವ ಕಿವಿ ಆ ಸುತ್ತಿನಲ್ಲಿ ದೊಡ್ಡಗಂಗಮ್ಮನದೊಂದೇ. ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನವೀರಯ್ಯ ನಲವತ್ತು ವರ್ಷದಿಂದ ಅವಳ ಕಾಯಿ ತಗೊಳ್ಳುತ್ತಿದ್ದಾನೆ. ಬೇರೆಯವರ ಮೂಟೆಗೆ ಕೈ ಹಾಕಿ ತಳದಿಂದ ಎತ್ತಿ ನೋಡುವವನು, ಅವಳ ಮೂಟೆಯ ಬಾಯಿಯನ್ನೂ ಬಿಚ್ಚುವುದಿಲ್ಲ. ವ್ಯಾಪಾರಿಯಿಂದ ಇದಕ್ಕಿಂತ ದೊಡ್ಡ ಸನ್ಮಾನ ಯಾರಿಗೂ ಸಿಗುವುದಿಲ್ಲ; ಇದರಲ್ಲಿ ಶಾಲು ಹಾರ ಇರುವುದಿಲ್ಲ, ಅಷ್ಟೆ.

ಕಾಲ ಸರಿಯಿತು. ಅಣ್ಣಂದಿರು ಹೋದರು. ಚಿಕ್ಕಣ್ಣನ ಮಕ್ಕಳು ತಮ್ಮ ನಾಲ್ಕು ಅಂಕಣವನ್ನು ದೊಡ್ಡಣ್ಣನ ಮಗ ನಾಗೇಶನಿಗೆ ಬಿಟ್ಟುಕೊಟ್ಟರು. ನಾಗೇಶ ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು, ಮರಳೂರಿನಲ್ಲಿ ಬಾಡಿಗೆ ಮನೆ, ಭಾನುವಾರ ತಪ್ಪಿದರೂ ಅತ್ತೆಯನ್ನು ನೋಡಲು ತಪ್ಪದವನು. ರಿಟೈರಾಗಲು ಎರಡು ವರ್ಷ ಇರುವಾಗ, ಹೆಂಡತಿ ಭಾನುಪ್ರಿಯಾಳ ಜೊತೆ ಬಂದು ಜಗಲಿಯ ಮೇಲೆ ಒಂದು ನೀಲಿ ಪ್ಲಾನು ಬಿಡಿಸಿ, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಾಯಿ ಇಟ್ಟ.

“ಇಲ್ಲೇ ಬಂದು ಇರೋಣಾಂತ ಅತ್ತೆ. ಆದ್ರೆ ಪೂರ್ವದ ಗೋಡೆ ವಾಲಿದೆ, ಹೆಂಚು ಸೋರತ್ತೆ. ಎಲ್ಲಾ ತೆಗೆದು ಮೋಲ್ಡಿಂಗ್ ಹಾಕಿಸ್ಬಿಡೋಣ. ಇದು ನಿನ್ನ ರೂಮು ನೋಡು, ಅಟ್ಯಾಚ್ ಬಾತ್‌ರೂಮು.”

“ನಡು ರಾತ್ರೀಲಿ ಟಾರ್ಚ್ ಹಿಡ್ಕೊಂಡು ಹಿತ್ತಿಲಿಗೆ ಹೋಗೋದು ತಪ್ಪತ್ತೆ,” ಅಂದಳು ಭಾನುಪ್ರಿಯಾ. ಹಿತ್ತಿಲಲ್ಲಿ ಹಾವು ಕಂಡು ಒಂದು ಸಲ ಕಿರುಚಿಕೊಂಡಿದ್ದವಳು ಅವಳೇ.

ದೊಡ್ಡಗಂಗಮ್ಮ ಪ್ಲಾನನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದ್ರಲ್ಲಿ ಅಟ್ಟ ಎಲ್ಲೈತ್ಲಾ?”

“ಮೋಲ್ಡಿಂಗ್ ಮನೇಲಿ ಅಟ್ಟ ಇರಲ್ಲ ಅತ್ತೆ. ಟೆರೇಸ್ ಇರತ್ತೆ.”

“ಹಂಗಾರೆ ನನ್ ಅಂಕಣ?”

ನಾಗೇಶ ಹೆಂಡತಿಯ ಮುಖ ನೋಡಿದ. ಹೆಂಡತಿ ಪ್ಲಾನು ನೋಡಿದಳು. ನ್ಯಾಯವಾಗಿ ನೋಡಿದರೆ ಎಂಟು ಅಂಕಣದ ಯಜಮಾನ ತನ್ನ ಎಂಟನ್ನು ಕೆಡವಿಕೊಳ್ಳಬಹುದು, ಒಂಬತ್ತನೆಯದನ್ನು ಮುಟ್ಟುವಂತಿಲ್ಲ. ಅದು ಗಾಳಿಯಲ್ಲಿ ನಿಂತಿರಬೇಕು. ಅಂಥ ಕೆಲಸ ಹಿಡಿಯುವ ಮೇಸ್ತ್ರಿ ತುಮಕೂರು ಜಿಲ್ಲೆಯಲ್ಲಿ ಇರಲಿಲ್ಲ.

ಅವಳಿಗೂ ಅವರ ಕಷ್ಟ ಗೊತ್ತಿತ್ತು. ಮಳೆಗಾಲದಲ್ಲಿ ಅವಳೇ ಏಳು ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಿದ್ದಳು. ಎದುರಿಗೆ ನಿಂತು ‘ಒಲ್ಲೆ’ ಎನ್ನಲು ಬಾಯಿ ಬರಲಿಲ್ಲ. “ಅಟ್ಟದ ಮ್ಯಾಲಿರೋ ಕಾಯಿ ಗಿಟುಕಾಗ್ಲಿ. ಮಧ್ಯದಲ್ಲಿ ಅಲ್ಲಾಡ್ಸಿದ್ರೆ ಕೊಳ್ತೋಯ್ತವೆ. ಕೊನೇ ಕಾಯಿ ಇಳಿಸಿದ ದಿನ ಕೆಡವ್ಕೋ, ನಾನು ಬೇಡ ಅನ್ನಲ್ಲ,” ಅಂದಳು.

ನಾಗೇಶ ಖುಷಿಯಾಗಿ ಒಪ್ಪಿದ. ಹನ್ನೊಂದು ತಿಂಗಳು ತಾನೇ. ಗಣಿತದ ಮೇಷ್ಟ್ರು ಮಾಡಬಾರದ ತಪ್ಪು ಅಲ್ಲೇ ಆಯಿತು. ಅಟ್ಟದ ಕಾಯಿ ಶಾಲೆಯ ಮಕ್ಕಳಂತೆ ಜೂನ್‌ನಲ್ಲಿ ಸೇರಿ ಏಪ್ರಿಲ್‌ನಲ್ಲಿ ಪಾಸಾಗಿ ಹೋಗುವುದಿಲ್ಲ. ಎರಡು ತಿಂಗಳಿಗೊಂದು ಕೊಯ್ಲು, ಕೊಯ್ಲಿಗೊಂದು ರಾಶಿ. ಹಳೆಯದು ಮುಂದಿನಿಂದ ಇಳಿಯುತ್ತಿರುತ್ತದೆ, ಹೊಸದು ಹಿಂದಿನಿಂದ ಏರುತ್ತಿರುತ್ತದೆ. ಆ ಅಟ್ಟ ಕಟ್ಟಿದಾಗಿನಿಂದ ಒಂದು ದಿನವೂ ಖಾಲಿಯಾಗಿರಲಿಲ್ಲ.

ಯುಗಾದಿ ಬಂತು. ಅಟ್ಟ ತುಂಬಿತ್ತು. “ಈ ಸಲ ಥಂಡಿ ಜಾಸ್ತಿ, ನಿಧಾನ,” ಅಂದಳು. ಗೌರಿ ಹಬ್ಬ ಬಂತು. ಅಟ್ಟ ತುಂಬಿತ್ತು. “ಒಲೆಗೆ ಸೌದೆ ಹಸಿ, ಹೊಗೆ ಸರಿಯಾಗ್ ಏರ್ಲಿಲ್ಲ.” ಮನೆಗೆಲಸಕ್ಕೆ ಬರುವ ಕದರಮ್ಮ ಬುಟ್ಟಿ ಹೊತ್ತು ಏಣಿ ಹತ್ತುವಾಗಲೆಲ್ಲ ನಗು ತಡೆಯಲು ಸೆರಗು ಬಾಯಿಗಿಡುತ್ತಿದ್ದಳು. “ಅಮ್ಮೋ, ಈ ಕಾಯಿ ಗಿಟುಕಾಗೋಷ್ಟ್ರಲ್ಲಿ ನಾಗೇಶಪ್ಪಾರೇ ಗಿಟುಕಾಯ್ತರೆ.”

“ಬಾಯ್ ಮುಚ್ಕೊಂಡು ಹತ್ತೇ.”

ಎರಡನೇ ಯುಗಾದಿಗೆ ನಾಗೇಶ ಉಪಾಯ ಮಾಡಿದ. ಗುಬ್ಬಿಗೆ ಹೋಗಿ ಚನ್ನವೀರಯ್ಯನನ್ನೇ ಕಾರಿನಲ್ಲಿ ಕೂರಿಸಿಕೊಂಡು, ಅತ್ತೆ ಕೊಟ್ಟ ಮಾತು ಹೇಳುತ್ತಾ ಬಂದ. “ನೀವೇ ಹೇಳ್ಬಿಡಿ ಯಜಮಾನ್ರೇ, ಕಾಯಿ ಆಗಿದೆಯೋ ಇಲ್ವೋ.”

ಎಪ್ಪತ್ತು ದಾಟಿದ ಚನ್ನವೀರಯ್ಯ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ. ಹಿಂದೆಯೇ ದೊಡ್ಡಗಂಗಮ್ಮ. ಮುಂದಿನ ಸಾಲಿನಿಂದ ಒಂದು ಎತ್ತಿ ಅಲ್ಲಾಡಿಸಿದ, ಗಟಗಟ. ಕೈ ಚಾಚಿ ಹಿಂದಿನ ಸಾಲಿನಿಂದ ಒಂದು ಎತ್ತಿದ, ಬುಳುಕ್. ಇನ್ನೊಂದು, ಬುಳುಕ್. ಅವಳ ಮುಖ ನೋಡಿದ. ಅವಳು ಸೂರಿನ ಜಂತೆ ನೋಡುತ್ತಿದ್ದಳು.

“ಏನಾಯ್ತು?” ಕೆಳಗಿನಿಂದ ನಾಗೇಶ ಕೂಗಿದ.

“ಆಗಿಲ್ಲ ಸಾರ್, ಹಸಿ ಅವೆ,” ಚನ್ನವೀರಯ್ಯ ಕೂಗಿ ಹೇಳಿದ. ಸುಳ್ಳೇನಲ್ಲ.

“ಯಾವಾಗ ಹಾಕಿದ್ದು ಅಂತ ಗೊತ್ತಾಗತ್ತಾ?”

“ಕಾಯಿ ಅದನ್ನೆಲ್ಲ ಹೇಳಲ್ಲ ಸಾರ್.”

ಆಮೇಲೆ ಧ್ವನಿ ತಗ್ಗಿಸಿ ಅವಳಿಗೆ ಮಾತ್ರ ಕೇಳುವಂತೆ ಅಂದ: “ಗಂಗಮ್ಮಾರೇ, ನಲವತ್ತು ವರ್ಷದಲ್ಲಿ ನಿಮ್ಮ ಮೂಟೇಲಿ ನಂಗೆ ಒಂದ್ ಹಸಿಕಾಯಿ ಸಿಕ್ಕಿಲ್ಲ. ಅದ್ಕೇ ನಾನು ಬಿಚ್ಚಿ ನೋಡಲ್ಲ. ಈಗ ನೋಡುದ್ರೆ ಹುಡುಗನಿಗೆ ಕೊಟ್ಟ ಮಾತೇ ಹಸಿ ಇಟ್ಟಿದೀರಲ್ಲ.”

“ನಿಂಗ್ಯಾಕಯ್ಯ ನಮ್ಮನೆ ಪಂಚಾಯ್ತಿ? ಕಾಯಿ ನೋಡಕ್ ಬಂದೆ, ನೋಡ್ದೆ, ಇಳಿ.”

“ಇಳೀತೀನಿ. ಮುಂದಿನ್ ಸತಿ ಮೂಟೆ ಬಿಚ್ಚಿ ನೋಡ್ಬೇಕಾ ಬ್ಯಾಡ್ವಾ, ಅದೊಂದ್ ಹೇಳ್ಬುಡಿ.”

ಅವನು ಇಳಿದು, ಕಾಫಿ ಕುಡಿದು, ಹೋದ. ಆ ಮಾತು ಮಾತ್ರ ಅಟ್ಟದ ಮೇಲೇ ಉಳಿಯಿತು. ಅವಳ ಹತ್ತಿರ ಎರಡೇ ಇದ್ದದ್ದು: ಅಪ್ಪ ಕೊಟ್ಟ ಅಂಕಣ, ತಾನು ಗಳಿಸಿದ ನಂಬಿಕೆ. ಒಂದನ್ನು ಉಳಿಸಲು ಇನ್ನೊಂದನ್ನು ಒಲೆಗೆ ಹಾಕುತ್ತಿದ್ದೇನೆ ಎನ್ನುವುದು ಅವಳಿಗೆ ಆ ಎರಡು ವರ್ಷದಲ್ಲಿ ತೋಚಿರಲಿಲ್ಲ. ಬೇರೆಯವರು ಕಾಯಿ ಅಲ್ಲಾಡಿಸಿ ಕೇಳಿಸಿದ ಮೇಲೆ ಕೇಳಿಸಿತು.

ಮುಂದಿನ ಕೊಯ್ಲಿಗೆ ಕದರಮ್ಮ ಬುಟ್ಟಿ ಹೊತ್ತು ಏಣಿಯ ಬುಡಕ್ಕೆ ಬಂದಾಗ ದೊಡ್ಡಗಂಗಮ್ಮ ಅಡ್ಡ ನಿಂತಳು. “ಏರಿಸ್ಬ್ಯಾಡ. ಅಂಗಳಕ್ಕೆ ಸುರಿ.”

“ಯಾಕಮ್ಮ?”

“ಹಸಿಕಾಯಿ ಲಾರಿಯವ್ರು ಬತ್ತಾರೆ, ಕೊಟ್ಬುಡಾನ.”

ಕದರಮ್ಮ ಈ ಸಲ ನಗಲಿಲ್ಲ. ಆ ಮನೆಯಿಂದ ಹಸಿಕಾಯಿ ಹೊರಗೆ ಹೋದದ್ದನ್ನು ಅವಳು ಕಂಡಿರಲಿಲ್ಲ.

ಅಟ್ಟ ಹಿಂದಿನಿಂದ ತುಂಬುವುದು ನಿಂತಿತು, ಮುಂದಿನಿಂದ ಇಳಿಯುತ್ತಾ ಬಂತು. ದೀಪಾವಳಿಗೆ ಅರ್ಧ. ಸಂಕ್ರಾಂತಿಗೆ ಒಂದು ಮೂಲೆ. ಶಿವರಾತ್ರಿ ಕಳೆದ ವಾರ ಅವಳೇ ನಾಗೇಶನಿಗೆ ಫೋನ್ ಹಚ್ಚಿಸಿದಳು. “ಬಾರ್ಲಾ. ಕೊನೇ ಕಾಯಿ ಇಳಿಸ್ತಿದೀನಿ.”

ನಾಗೇಶ ಬಂದ, ಭಾನುಪ್ರಿಯಾ ಬಂದಳು, ಕಂಟ್ರಾಕ್ಟರ್ ಚಂದ್ರು ಟೇಪು ಹಿಡಿದು ಬಂದ. ಒಳಗೆ ಹೋಗುವವರು ರೂಢಿಯಂತೆ ಮುಂಬಾಗಿಲನ್ನು ಭುಜ ಕೊಟ್ಟು ತಳ್ಳಲು ಹೋದರು. ಬಾಗಿಲು ಬೆರಳಿಗೇ ತೆರೆದುಕೊಂಡಿತು. ನಾಗೇಶ ಮುಗ್ಗರಿಸಿದ. ಮೇಲಿನ ತೊಲೆ ಕಾಯಿಯ ಭಾರಕ್ಕೆ ಬಾಗಿ ಬಾಗಿಲನ್ನು ಒತ್ತುತ್ತಿತ್ತು ಅಂತ ಚಂದ್ರು ವಿವರಿಸಿದ. ಆ ಬಾಗಿಲು ಬಿಗಿಯೆಂದು ಮೂರು ತಲೆಮಾರು ಬಡಗಿಯನ್ನು ಬೈದಿತ್ತು.

“ಒಟ್ಟು ಎಷ್ಟಂಕಣ ಸಾರ್ ಕೆಡವೋದು?” ಚಂದ್ರು ಬರೆದುಕೊಳ್ಳಲು ಕೇಳಿದ.

“ಒಂಬತ್ತು,” ಅಂದ ನಾಗೇಶ, ಯೋಚಿಸದೆ.

ಚಂದ್ರು ಕಣ್ಣಲ್ಲೇ ಎಣಿಸಿದ. “ಎಂಟೇ ಇದೆ?”

ನಾಗೇಶ ಏಣಿ ಹತ್ತಿದ. ಹುಡುಗನಾಗಿದ್ದಾಗ ಕಾಯಿಗಳ ಸಂದಿಯಲ್ಲಿ ತೂರಿ ಕೂತಿದ್ದ ಜಾಗ. ಇಷ್ಟು ಅಗಲ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅತ್ತೆ ಆಗಲೇ ಗುಡಿಸಿಟ್ಟಿದ್ದಳು. ಹೊಗೆಗೆ ಕಪ್ಪಾದ ಹಲಗೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಅವನು ಹುಷಾರಾಗಿ ತಲೆ ಎತ್ತಿ ನಿಂತ. ಸೂರು ತಾಗಲಿಲ್ಲ.

ದೊಡ್ಡಗಂಗಮ್ಮ ಏಣಿಯ ತುದಿಯಲ್ಲಿ ಕೂತು ಕೊನೆಯ ಕಾಯನ್ನು ಅವನ ಕೈಗಿಟ್ಟಳು. “ಅಲ್ಲಾಡ್ಸಿ ನೋಡ್ಕೋ. ಎರಡು ವರ್ಷ ನಿಂಗೆ ಮೋಸ ಮಾಡ್ದೆ ಕಣಪ್ಪ. ಹೊಸ ಕಾಯಿ ಏರಿಸ್ತಾನೇ ಇದ್ದೆ. ಈಗ ಮುಗೀತು. ಕೆಡವ್ಕೋ.”

“ಗೊತ್ತಿತ್ತು ಅತ್ತೆ.”

“ಯಾವಾಗ್ಲಿಂದ?”

“ಚನ್ನವೀರಯ್ಯ ‘ಹಸಿ’ ಅಂದಾಗ. ಎರಡು ವರ್ಷದ ಕಾಯಿ ಹಸಿ ಹೆಂಗಿರತ್ತೆ? ನಾನೂ ಇದೇ ಮನೇಲಿ ಹುಟ್ಟಿದೋನಲ್ವಾ.”

“ಮತ್ಯಾಕ್ಲಾ ಸುಮ್ಕಿದ್ದೆ?”

ನಾಗೇಶ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಗಟಗಟ. “ಈ ಕೊಯ್ಲಿನ ಕಾಯಿ ಏನ್ಮಾಡ್ದೆ?”

“ಹಸೀದೇ ಲಾರಿಗೆ ಕೊಟ್ಟೆ.”

“ನೀನಾ?”

“ಇನ್ನೆಲ್ಲಿ ಇಡ್ಲಿ? ನಿನ್ ಅಟ್ಯಾಚ್ ಬಾತ್‌ರೂಮಲ್ಲಾ?”

ನಾಗೇಶ ಕಾಯನ್ನು ಅವಳ ಮಡಿಲಿಗಿಟ್ಟ. ಆಮೇಲೆ ಬಗ್ಗಿ ಕೆಳಗೆ ಕೂಗಿದ: “ಚಂದ್ರು, ಟೇಪ್ ತಗೊಂಡು ಮೇಲ್ಬಾ. ಇದನ್ನ ಅಳಿ. ಈ ತೊಲೆ, ಈ ಹಲಗೆ, ಈ ನಾಲ್ಕು ಕಂಬ, ಒಂದೂ ಮುರೀಬಾರ್ದು. ಬಿಚ್ಚಿ ನಂಬರ್ ಹಾಕು. ಮೋಲ್ಡಿಂಗ್ ಆದ್ಮೇಲೆ ಟೆರೇಸ್ ಮೇಲೆ ಹಿಂಗೇ ಕೂರಿಸ್ಬೇಕು, ಮೇಲೆ ಹೆಂಚು.”

“ಪ್ಲಾನಲ್ಲಿ ಇಲ್ವಲ್ಲ ಸಾರ್?”

“ಪತ್ರದಲ್ಲಿದೆ.”

“ಹೊಗೆ?” ಕೆಳಗಿನಿಂದ ಕೇಳಿದವಳು ಭಾನುಪ್ರಿಯಾ. ಅಲ್ಲಿದ್ದವರಲ್ಲಿ ಕೆಲಸದ ಪ್ರಶ್ನೆ ಹೊಳೆದದ್ದು ಅವಳೊಬ್ಬಳಿಗೇ. “ಗ್ಯಾಸ್ ಮೇಲೆ ಅಡುಗೆ ಮಾಡಿದ್ರೆ ಗಿಟುಕು ಆಗತ್ತಾ? ಬಿಸಿನೀರಿಗೆ ಸೋಲಾರ್ ಬೇಡ ಬಿಡಿ. ಬಚ್ಚಲಿಗೆ ಹಂಡೆ ಒಲೆನೇ ಹಾಕಿಸಿ, ಪೈಪ್ ಮೇಲಕ್ಕೆ ಬಿಡಿ.”

ದೊಡ್ಡಗಂಗಮ್ಮ ಸೊಸೆಯನ್ನು ಮೊದಲ ಸಲ ನೋಡುವಂತೆ ನೋಡಿದಳು.

ಹಳೆಯ ಮನೆ ಎರಡು ದಿನದಲ್ಲಿ ನೆಲ ಕಂಡಿತು. ಅವಳು ಕದರಮ್ಮನ ಮನೆಯ ಜಗಲಿಯಲ್ಲಿ ಕೂತು, ಆ ಕಡೆ ಬೆನ್ನು ಹಾಕಿ, ಅವರೆಕಾಯಿ ಸುಲಿಯುತ್ತಿದ್ದಳು. ಅತ್ತಳೇ ಅಂದರೆ, ಕದರಮ್ಮ ಹೇಳುವುದಿಲ್ಲ.

ಈಗ ಅಲ್ಲಿರುವುದು ತಿಳಿ ಹಳದಿ ಬಣ್ಣದ ಮೋಲ್ಡಿಂಗ್ ಮನೆ. ನೆತ್ತಿಯ ಮೇಲೆ ಹೆಂಚಿನ ಒಂದು ಅಂಕಣ, ಸೂಟು ತೊಟ್ಟವನು ಪೇಟ ಸುತ್ತಿದಂತೆ. ನೋಡಿದವರು ನಗುತ್ತಾರೆ, ನಕ್ಕು, ‘ಒಂಬತ್ತಂಕಣದ ಮನೆ’ ಅನ್ನುತ್ತಾರೆ. ಕೆಳಗೆ ಅಂಕಣವೇ ಇಲ್ಲ, ಎಲ್ಲ ಸ್ಕ್ವೇರ್ ಫೀಟು.

ಏಣಿಯ ಬದಲು ಮೆಟ್ಟಿಲಿದೆ. ಎಪ್ಪತ್ಮೂರರ ದೊಡ್ಡಗಂಗಮ್ಮ ಅದನ್ನು ದಿನಾ ಬೈಯುತ್ತಲೇ ಹತ್ತುತ್ತಾಳೆ. ಮೊನ್ನೆ ಹೊಸ ಅಟ್ಟದ ಮೊದಲ ಕೊಬ್ಬರಿ ಇಳಿಯಿತು. ಚನ್ನವೀರಯ್ಯ ಬಂದ. ಮೂಟೆಯ ಹತ್ತಿರ ಕೂತ. ದಾರದ ಗಂಟಿನ ಮೇಲೆ ಕೈ ಇಟ್ಟು ಅವಳ ಕಡೆ ನೋಡಿದ.

“ಬಿಚ್ಚಯ್ಯ, ಬಿಚ್ಚಿ ನೋಡು,” ಅಂದಳು ಅವಳು.

“ಹೊಸ ಮನೆ, ಹೊಸ ಒಲೆ. ನೋಡ್ಬೇಕಾಯ್ತದೆ,” ಅಂದ ಅವನು. ಆದರೆ ಬಿಚ್ಚಲಿಲ್ಲ. ಎದ್ದು ಮೂಟೆಯನ್ನು ಹಾಗೇ ಗಾಡಿಗೆ ಹಾಕಿಸಿದ.