ಒಂದೇ ಮಾತು, ಎರಡು ಸಲ

ಮೊನ್ನೆ ದಕ್ಷಿಣೇಶ್ವರದ ಬಜಾರಿನಲ್ಲಿ ಕೆಸುವಿನ ಎಲೆಯ ಕಟ್ಟೊಂದನ್ನು ಎತ್ತಿ ಮೂಸಿದೆ. ಹಸಿ ಮಣ್ಣಿನ ಆ ವಾಸನೆಗೆ ಪತ್ರೊಡೆ ಬೇಯುತ್ತಿದ್ದ ಒಂದು ಅಡುಗೆಮನೆ ನೆನಪಾಯಿತು. ಹಿಂದೆಯೇ ಸಿಟ್ಟೂ ಬಂತು. ಕಟ್ಟನ್ನು ಕೊಂಡು ಮನೆಗೆ ಬಂದೆ.

ಆ ಅಡುಗೆಮನೆಯ ಯಜಮಾನಿಯನ್ನು ನಾವೆಲ್ಲ ಅಡ್ಮಿನ್ ಅಕ್ಕ ಎನ್ನುತ್ತಿದ್ದೆವು. ಉಡುಪಿ ಕಡೆಯವರು, ಮನೆಯಲ್ಲೇ ಅಡುಗೆ ಮಾಡಿ ಮಾರುತ್ತಿದ್ದರು. ಕೋಲ್ಕತ್ತಾದಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡುವ ಕನ್ನಡದವರಿಗಾಗಿ ಒಂದು ವಾಟ್ಸಾಪ್ ಗುಂಪು ಕಟ್ಟಿದ್ದರು. ಅದಕ್ಕೆ ಸೇರಬೇಕಾದರೆ ಮೊದಲು ಅವರ ಮನೆಗೆ ಹೋಗಿ, ಮಾರುವ ಸಾಮಾನು ತೋರಿಸಿ, ಊಟ ಮಾಡಿ ಬರಬೇಕು. ನಾನು ಹೊಲಿದ ರವಿಕೆಯನ್ನು ತಿರುವಿ ಹಾಕಿ, ಹೊಲಿಗೆ ಎಳೆದು ನೋಡಿದರು. ಆಮೇಲೆ ನನ್ನ ಜಾಹೀರಾತು ಓದಿ ಮುಖ ಕಿವುಚಿದರು.

"ಎಂತ ಮಾರಾಯ್ತಿ ಇದು, ಎಲ್ಲಿಂದ ಕಾಪಿ ಮಾಡಿದ್ದು? ಎದುರಿಗೆ ಕೂತವಳಿಗೆ ಹೇಳುವ ಹಾಗೆ ಬರಿ. ಒಂದೇ ಮಾತು ಎರಡು ಸಲ ಹಾಕಿದ್ರೆ ತೆಗೆದುಹಾಕ್ತೇನೆ, ಆಯ್ತಾ?"

ತೆಗೆದುಹಾಕುತ್ತಿದ್ದರು ಕೂಡ. ಸಿಯಾಲ್ದಾ ಹತ್ತಿರ ಹೋಟೆಲ್ ಇಟ್ಟಿದ್ದ ಅವರ ಮೈದುನ ದಿನಾ 'ಬಿಸಿ ಬಿಸಿ ಊಟ ತಯಾರಿದೆ' ಎಂಬ ಅದೇ ಚಿತ್ರ ಅಂಟಿಸುತ್ತಿದ್ದ. ಎಲ್ಲರೆದುರು ಬೈದು ಹೊರಗೆ ಹಾಕಿದರು. ಮನೆಗೆ ಬಂದು ಕೈಮುಗಿದ ಮೇಲೆಯೇ ಅವನಿಗೆ ಮತ್ತೆ ಜಾಗ ಸಿಕ್ಕಿದ್ದು. ನಾವು ನಕ್ಕೆವು, ಅವನು ನಗಲಿಲ್ಲ... ಆದರೆ ಆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳಿರಲಿಲ್ಲ, ಸಾಲ ಕೊಡುವವರ ಲಿಂಕ್‌ಗಳಿರಲಿಲ್ಲ. ಯಾರು ಏನು ಬರೆದರೂ ಎಲ್ಲರೂ ಓದುತ್ತಿದ್ದರು. ನನ್ನ ಹೊಲಿಗೆ ಯಂತ್ರ ಓಡಿದ್ದೇ ಅದರಿಂದ.

ಆಮೇಲೊಮ್ಮೆ ಅಕ್ಕ ಬಸ್ಸಿನಲ್ಲಿ ಫೋನ್ ಮರೆತು ಬಂದರು. ಹೊಸ ನಂಬರ್ ತೆಗೆದುಕೊಂಡು, ರಗಳೆ ಬೇಡವೆಂದು ಗುಂಪಿನ ಉಸ್ತುವಾರಿಯನ್ನು ಮೈದುನನಿಗೇ ಬಿಟ್ಟರು. ಅದು ಕಾಯಿಲೆಯ ಶುರು ಎಂದು ಯಾರಿಗೆ ಗೊತ್ತಿತ್ತು? ಒಂದು ದಿನ ಅವರ ಮೆಸೇಜ್ ಬಂತು: 'ನಾಳೆ ಪತ್ರೊಡೆ ಮಾಡ್ತೇನೆ, ಬೇಕಾದವರು ಹೇಳಿ.' ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಸಂಜೆ ಮತ್ತೆ ಅದೇ. ಜನ ನಗುವ ಮುಖಗಳನ್ನು ಹಾಕಿದರು. ಇದು ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ತಿಳಿದ ಮೇಲೂ ಹಾಕಿದರು. ಕೊನೆಗೆ ಮೈದುನ ಅಕ್ಕನನ್ನು ಗುಂಪಿನಿಂದ ತೆಗೆದುಹಾಕಿದ.

ಫೋನ್ ಮಾಡಿ ಕೂಗಾಡಿದೆ.

"ಅತ್ತಿಗೆ ಮಾಡಿದ ರೂಲೇ ಅಲ್ವಾ ಮಾರ್ರೆ? ನನಗೊಂದು, ಅವರಿಗೊಂದು ಉಂಟಾ?" ಎಂದ.

ಅವನ ದನಿಯಲ್ಲಿ ಖುಷಿಯಿತ್ತು. ಆ ಖುಷಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗುಂಪಿನಲ್ಲೂ ಜಗಳ ತೆಗೆದೆ. ಒಬ್ಬರೂ ಅಕ್ಕನ ಪರ ನಿಲ್ಲಲಿಲ್ಲ. ಎಲ್ಲರೂ ಅಕ್ಕನ ಕೈಯೂಟ ಉಂಡೇ ಒಳಗೆ ಬಂದವರು.

ಅಕ್ಕನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕೇಳುವವರಿಲ್ಲದಿದ್ದರೂ ಪತ್ರೊಡೆ ಬೇಯಿಸಿಟ್ಟು ಬಾಗಿಲು ನೋಡುತ್ತ ಕೂರುತ್ತಿದ್ದರು. ನಾನು ಹೋದಾಗಲೆಲ್ಲ ಫೋನ್ ಮುಂದೆ ಹಿಡಿಯುತ್ತಿದ್ದರು.

"ನನ್ನ ಮೆಸೇಜ್ ಹೋಗ್ತದಾ ನೋಡು ಮಾರಾಯ್ತಿ. ಯಾರೂ ಮಾತಾಡುದಿಲ್ಲ. ಎಲ್ಲ ಊರಿಗೆ ಹೋಗಿದ್ದಾರಾ?"

"ದುರ್ಗಾಪೂಜೆ ರಜೆ ಅಕ್ಕ, ಬರ್ತಾರೆ" ಎನ್ನುತ್ತಿದ್ದೆ. ಬೇಸಿಗೆಯಲ್ಲೂ ಅದನ್ನೇ ಹೇಳಿದೆ, ಅವರು ನಂಬಿದರು...

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಗುಂಪಿಗೆ ಸುದ್ದಿ ಹಾಕಿದ್ದು ಮೈದುನನೇ. ಉರಿಯುವ ದೀಪದ ಚಿತ್ರ, ಕೆಳಗೆ 'ಓಂ ಶಾಂತಿ'. ಅದೇ ಚಿತ್ರವನ್ನು ಒಬ್ಬರಾದ ಮೇಲೊಬ್ಬರು ಅಂಟಿಸಿದರು. ಬೆರಳು ನೋಯುವ ತನಕ ಹುಡುಕಿದೆ, ಸ್ವಂತದ್ದೊಂದು ಸಾಲಿರಲಿಲ್ಲ. ಮಧ್ಯೆ ಯಾರೋ ಸಾಲದ ಲಿಂಕ್ ಹಾಕಿದ್ದರು.

ಮೊನ್ನೆ ಎಲೆ ತೊಳೆದಿಟ್ಟು, ಗುಂಪಿನಲ್ಲಿ ಅಕ್ಕನ ಮಾತನ್ನೇ ಬರೆದೆ: 'ನಾಳೆ ಪತ್ರೊಡೆ ಮಾಡ್ತೇನೆ, ಬೇಕಾದವರು ಹೇಳಿ.' ಮತ್ತೆ ಬರೆದೆ. ಸಂಜೆ ಮತ್ತೆ ಬರೆದೆ. ಯಾರೂ ಓದಲಿಲ್ಲ, ಯಾರೂ ತೆಗೆದುಹಾಕಲೂ ಇಲ್ಲ. ಅಕ್ಕ ಇದ್ದಿದ್ದರೆ ಎರಡನೆಯ ಸಲಕ್ಕೇ ತೆಗೆದುಹಾಕುತ್ತಿದ್ದರು.