ಹಸಿರೋ ಹಸಿರು

ಬಟ್ಟೆ ಹೊಲಿಯುವ ಅಕ್ಕನಿಗೆ ಒಬ್ಬನೇ ತಮ್ಮ. ಕೆಂಪಿಗೂ ಹಸಿರಿಗೂ ಅವನ ಕಣ್ಣಲ್ಲಿ ಭೇದವಿಲ್ಲ. ಎರಡೂ ಒದ್ದೆ ಮಣ್ಣಿನ ಹಾಗೆ ಕಾಣುತ್ತವೆ. ಚಿಕ್ಕವನಿದ್ದಾಗ ಕೆಂಪು ದಾರ ತಾ ಎಂದರೆ ಹಸಿರು ದಾರ ತಂದು ಅಪ್ಪನಿಂದ ‘ಕುರುಡ’ ಎಂದು ಬೈಸಿಕೊಂಡಿದ್ದ. ಶಾಲೆಯಲ್ಲೂ ಅದೇ ಹೆಸರು ಅಂಟಿತು. ಆಮೇಲೆ ಬಣ್ಣದ ಮಾತು ಬಂದಲ್ಲೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಕಲಿತ. ಈಗ ವಿಷಯ ಗೊತ್ತಿರುವವಳು ಅಕ್ಕ ಒಬ್ಬಳೇ.

ಬಸ್ಸಿನ ಸೀಟು ಕಾದಿರಿಸುವ ಸಾಫ್ಟ್‌ವೇರ್ ಮಾಡುವ ಆಫೀಸಿನಲ್ಲಿ ಅವನಿಗೆ ಕೆಲಸ. ಬೇರೆಯವರು ಬರೆದ ಪ್ರೋಗ್ರಾಂ ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಿ, ಸರಿಯಿದ್ದರೆ ಜನರ ಬಳಕೆಗೆ ಹೊರಗೆ ಬಿಡುವವನು ಅವನು. ಪರೀಕ್ಷೆಯ ಫಲ ಕಂಪ್ಯೂಟರಿನಲ್ಲಿ ‘ಟರ್ಮಿನಲ್’ ಎಂಬ ಕಪ್ಪು ಪರದೆಯ ಮೇಲೆ ಸಾಲಾಗಿ ಇಳಿಯುತ್ತದೆ. ಪಾಸಾದ ಸಾಲು ಹಸಿರು, ಫೇಲಾದದ್ದು ಕೆಂಪು. ಸಾಲಿನ ಕೊನೆಗೆ ಪಾಸು, ಫೇಲು ಎಂಬ ಪದವೂ ಇರುತ್ತಿತ್ತು. ಅವನು ಬಣ್ಣದ ಗೊಡವೆಗೆ ಹೋಗದೆ ಪದ ಓದಿಕೊಂಡು ವರ್ಷಗಳನ್ನು ದೂಡಿದ.

ಮುಖ್ಯಸ್ಥೆಯಾಗಿ ಹೊಸದಾಗಿ ಬಂದ ಮೇಡಂಗೆ ಅಚ್ಚುಕಟ್ಟಿನ ಹುಚ್ಚು. ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: “ಇಷ್ಟೊಂದು ಪದ ಯಾಕೆ? ಕಸ ಹರಡಿದ ಹಾಗಿದೆ. ಒಂದೊಂದು ಚುಕ್ಕಿ ಸಾಕು. ಗೋಡೆ ಮೇಲೆ ದೊಡ್ಡ ಪರದೆ ಹಾಕಿಸ್ತೀನಿ, ಎಲ್ರೂ ಅಲ್ಲೇ ನೋಡಿ. ಬಣ್ಣ ಮಾತ್ರ ನೀವೇ ಆರಿಸಿ.”

ಪಕ್ಕದ ಮೇಜಿನ ಗಡ್ಡದವನು, “ಫೇಲಿಗೆ ಗುಲಾಬಿ ಇರ್ಲಿ ಮೇಡಂ. ಬೈಸ್ಕೊಳ್ಳೋದೂ ಸ್ವಲ್ಪ ಮುದ್ದಾಗಿರುತ್ತೆ,” ಎಂದ. ಎಲ್ಲರೂ ನಕ್ಕರು.

ಮೇಡಂ ಇವನ ಕಡೆ ತಿರುಗಿದರು. “ದಿನಾ ನೋಡೋರು ನೀವು. ನಿಮಗೆ ಯಾವುದು ಬೇಕು?”

ನೀಲಿ, ಹಳದಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದು? “ಯಾವುದಾದ್ರೂ ನಡೆಯುತ್ತೆ,” ಎಂದುಬಿಟ್ಟ. ಕೆಂಪು, ಹಸಿರೇ ಉಳಿದವು. ಪದಗಳು ಹೋದವು.

“ಹೇಳಿಬಿಡೋ. ನಿನ್ನ ಕಣ್ಣು ನೀನೇ ಹೊಲ್ಕೊಂಡಿದ್ದಾ?” ಎಂದಳು ಅಕ್ಕ, ಆ ರಾತ್ರಿ ಮನೆಯಲ್ಲಿ.

“ಪರೀಕ್ಷೆ ಮಾಡೋನಿಗೇ ಕಾಣಲ್ಲ ಅಂದ್ರೆ ಇಟ್ಕೋತಾರಾ ಅಕ್ಕಾ?”

ಅವನೊಂದು ಉಪಾಯ ಹೂಡಿದ. ಚುಕ್ಕಿಗಳು ಬಿದ್ದೊಡನೆ ಗಡ್ಡದವನ ಕಡೆ ಮುಖ ಮಾಡಿ, “ಏನಪ್ಪಾ, ಹೇಗನ್ನಿಸುತ್ತೆ?” ಎನ್ನುವುದು. ಗಡ್ಡದವನು ಮಾತಿನ ಮಲ್ಲ. ಮೇಲಿನದು ಕೆಟ್ಟಿದೆ, ಕೆಳಗಿನದು ಪರವಾಗಿಲ್ಲ ಎಂದು ತಾನಾಗಿ ಒದರುತ್ತಿದ್ದ. ಕೆಲವು ದಿನ ಹಾಗೇ ನಡೆಯಿತು.

ಒಂದು ಸಂಜೆ ಗಡ್ಡದವನು ಚೀಲ ಹೆಗಲಿಗೇರಿಸಿ ಹೊರಟಿದ್ದ. ಇವನು ಎಂದಿನಂತೆ ಕೇಳಿದ. ಗೋಡೆಯ ಪರದೆ ತುದಿಯಿಂದ ಬುಡದವರೆಗೆ ಕೆಂಪಾಗಿತ್ತು. ಇವನಿಗೂ ಅದು ಕಾಣುತ್ತಿದೆ ಎಂದೇ ಗಡ್ಡದವನ ಎಣಿಕೆ.

“ಆಹಾ, ಹಸಿರೋ ಹಸಿರು. ಹಸು ಬಿಟ್ರೆ ಹೊಟ್ಟೆ ತುಂಬ ಮೇಯುತ್ತೆ,” ಎಂದು ನಕ್ಕು ಮೆಟ್ಟಿಲಿಳಿದ.

ಇವನೂ ನಕ್ಕ. ಸರಿಯಿದೆ ಎಂದು ಪ್ರೋಗ್ರಾಂ ಹೊರಗೆ ಬಿಟ್ಟ.

ಬೆಳಗಾಗುವಷ್ಟರಲ್ಲಿ ಒಂದೊಂದು ಸೀಟು ಇಬ್ಬಿಬ್ಬರಿಗೆ ಹೋಗಿತ್ತು. ಬಸ್ಸುಗಳಲ್ಲಿ ಜಗಳ, ಆಫೀಸಿನಲ್ಲಿ ಎಡೆಬಿಡದೆ ಫೋನು.

“ಗೋಡೆ ತುಂಬ ಕೆಂಪಿತ್ತು. ನೋಡಿದ್ರೋ ಇಲ್ವೋ?” ಎಂದರು ಮೇಡಂ.

ಗಡ್ಡದವನ ಮುಖ ಸಣ್ಣದಾಯಿತು. “ನಾನು ತಮಾಷೆ ಮಾಡ್ದೆ ಮೇಡಂ. ಇವ್ರೂ ನಕ್ರು. ಗೊತ್ತಾಯ್ತು ಅಂದ್ಕೊಂಡೆ.”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಬರುವಂತಿರಲಿಲ್ಲ. ಇವನು ನೆಲ ನೋಡಿದ.

“ನೋಡ್ಲಿಲ್ಲ ಮೇಡಂ. ಮನೆಗೆ ಹೋಗೋ ಅವಸರ ಇತ್ತು.”

ಸಂಜೆ ಅಕ್ಕ ಎಲ್ಲ ಕೇಳಿಸಿಕೊಂಡಳು. “ಬೇಜವಾಬ್ದಾರಿ ಅನ್ನಿಸ್ಕೊಂಡು ಬಂದ್ಯಾ?”

“ಆ ಹಳೇ ಹೆಸರಿಗಿಂತ ಇದು ವಾಸಿ.”

ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಪರೀಕ್ಷೆಯ ಮೇಜಿನಿಂದ ಎಬ್ಬಿಸಿ, ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಮೊದಲ ಕರೆ ವಯಸ್ಸಾದ ಹೆಂಗಸಿನದು.

“ದುಡ್ಡು ಕಟ್ಟಿಯೂ ದಾರಿಯುದ್ದಕ್ಕೂ ನಿಂತ್ಕೊಂಡೇ ಬಂದೆ ಕಣಪ್ಪಾ. ಇದನ್ನೆಲ್ಲ ಅಲ್ಲಿ ಯಾರೂ ನೋಡೋದೇ ಇಲ್ವಾ?”

“ನೋಡ್ತಾರಮ್ಮ,” ಎಂದ ಅವನು. “ಈಗ ಬೇರೆಯವರು ನೋಡ್ತಾರೆ.”