ಮಂಗಳವಾರದ ಮೇಲೆ ನನ್ನ ಹೆಸರು

ನಾನು ಸುಲಭಕ್ಕೆ ಕ್ಷಮಿಸಿಬಿಡುವ ಪೈಕಿ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಓದುತ್ತಾ ಹೋದಂತೆ ಎಲ್ಲೋ ಒಂದು ಕಡೆ ನನ್ನ ಮನಸ್ಸು ಕರಗೀತು ಎಂದು ಯಾರೂ ಕಾಯುವುದು ಬೇಡ.

ಬೆಂಗಳೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾವು ಮೂವರು ಕೆಲಸ ಮಾಡುತ್ತಿದ್ದೆವು. ಭಾನುವಾರ ಬಾಗಿಲು ಹಾಕಿರುತ್ತಿತ್ತು. ಹಬ್ಬದ ರಜೆಗಳಂದು ಮಾತ್ರ ತೆರೆದಿರಲೇಬೇಕು, ಜನರ ಜ್ವರ ಹಬ್ಬ ನೋಡಿ ನಿಲ್ಲುವುದಿಲ್ಲವಲ್ಲ. ಹಾಗಾಗಿ ಯಾವುದೇ ದಿನ ಮೂವರಲ್ಲಿ ಒಬ್ಬರಿಗಷ್ಟೇ ರಜೆ. ಆ ಒಬ್ಬರು ಯಾರು ಎನ್ನುವುದು ಗೋಡೆಯ ಕ್ಯಾಲೆಂಡರಿನ ಮೇಲೆ ತೀರ್ಮಾನವಾಗುತ್ತಿತ್ತು. ಹೊಸ ವರ್ಷದ ಕ್ಯಾಲೆಂಡರ್ ಮೊಳೆಗೆ ಬಿದ್ದ ದಿನ, ಬೇಕಾದ ತಾರೀಖಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆಯಬೇಕು. ಮೊದಲು ಬರೆದವರಿಗೆ ಆ ದಿನ. ಒಮ್ಮೆ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ಈ ಕಾನೂನು ಮಾಡಿದವರು ನಮ್ಮ ಸೀನಿಯರ್ ಮೇಡಂ. ಕ್ಯಾಲೆಂಡರ್ ತರುತ್ತಿದ್ದವರೂ ಅವರೇ. ಅದು ಮೊಳೆಗೆ ಬೀಳುವ ಹೊತ್ತಿಗೆ ಶುಕ್ರವಾರ ಸೋಮವಾರಕ್ಕೆ ಅಂಟಿಕೊಂಡ ರಜೆಯೆಲ್ಲ ಅವರ ಹೆಸರಿನಲ್ಲಿ ತುಂಬಿ ಹೋಗಿರುತ್ತಿತ್ತು. ನಮಗೆ ಉಳಿಯುವುದು ಬುಧವಾರದಂಥ ಬಡಪಾಯಿ ದಿನಗಳು.

ನನಗೆ ಅದರಿಂದ ನಷ್ಟವೇನೂ ಇರಲಿಲ್ಲ. ರೆಸಾರ್ಟಿಗೆ ಹೋಗುವವಳು ನಾನಲ್ಲ. ವರ್ಷದಲ್ಲಿ ನನಗೆ ಬೇಕಿದ್ದದ್ದು ಒಂದೇ ಹಬ್ಬ, ಮೊಹರಂ.

ನಮ್ಮದು ಸುರಪುರ ತಾಲ್ಲೂಕಿನ ಕೆಂಭಾವಿ. ನಾವು ಮುಸ್ಲಿಮರಲ್ಲ, ಆದರೆ ಅಲಾಯಿ ದೇವರು, ಅಂದರೆ ಮೊಹರಮ್ಮಿನ ಪಂಜಾಗಳು, ಕೂತರೆ ಊರಿಗೆ ಊರೇ ಅಲ್ಲಿರುತ್ತದೆ. ಹತ್ತನೆಯ ದಿನ ದೇವರು ಮುಳುಗಲು ಹಳ್ಳಕ್ಕೆ ಹೋಗುವಾಗ ಮುಂದೆ ನಿಂತು ಪದ ಹೇಳುತ್ತಿದ್ದವನು ನನ್ನಪ್ಪ. ಮೀಸೆ ಮೂಡುವ ಮೊದಲು ಹಿಡಿದ ಹಾಡಿಕೆ. ಅಪ್ಪ ದನಿ ಎತ್ತಿದರೆ ಹಲಗೆ ಬಡಿಯುವವರು ಕೈ ತಡೆದು ಕಾಯುತ್ತಿದ್ದರು.

ನಾನು ಲ್ಯಾಬಿಗೆ ಸೇರಿದ ವರ್ಷ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿತು. ಕಲಬುರಗಿಯ ಡಾಕ್ಟರು ಕೊಯ್ಯಲೇಬೇಕು ಎಂದರು. ಕೊಯ್ದ ಮೇಲೆ ಮಾತು ಬಂದರೂ ದನಿ ಬರುವುದಿಲ್ಲ ಎಂದರು. ಅಪ್ಪ ಅವರ ಮುಖಕ್ಕೇ ಹೇಳಿದನಂತೆ: "ಕೊಯ್ರಿ, ಬ್ಯಾಡನ್ನಂಗಿಲ್ಲ. ಆದ್ರ ಈ ಸಲ ದೇವ್ರು ಹಳ್ಳಕ್ಕ ಹೋದಮ್ಯಾಲ ಕೊಯ್ರಿ." ಆಮೇಲೆ ನನಗೆ ಫೋನು. "ಇದ ಕಡೀ ಸಲ ನೋಡವ್ವಾ. ನೀ ಬಾ."

ಕ್ಯಾಲೆಂಡರಿನಲ್ಲಿ ಮೊಹರಂ ಗುರುವಾರ ಎಂದಿತ್ತು. ಬುಧವಾರ, ಗುರುವಾರ ಎರಡೂ ದಿನದ ಮೇಲೆ ನನ್ನ ಹೆಸರು ಬರೆದು ಆಗಿತ್ತು. ಹಬ್ಬಕ್ಕೆ ಹತ್ತು ದಿನ ಇರುವಾಗ, ಮೊಹರಂ ತಿಂಗಳು ಹುಟ್ಟಬೇಕಿದ್ದ ಸಂಜೆ, ಚಂದ್ರ ಕಾಣಲಿಲ್ಲ. ಹಬ್ಬ ಒಂದು ದಿನ ಮುಂದೆ ಹೋಯಿತು, ಸರ್ಕಾರಿ ರಜೆಯೂ ಶುಕ್ರವಾರಕ್ಕೆ ಸರಿಯಿತು. ಬೆಳಗಾಗೆದ್ದು ಲ್ಯಾಬಿಗೆ ಓಡಿದೆ. ಶುಕ್ರವಾರ, ಶನಿವಾರ ಎರಡರ ಮೇಲೂ ಮೇಡಂ ಹೆಸರು ಹಸಿಹಸಿಯಾಗಿ ಹೊಳೆಯುತ್ತಿತ್ತು. ಭಾನುವಾರ ಸೇರಿ ಮೂರು ದಿನ. ಚಿಕ್ಕಮಗಳೂರಿಗೆ ಬುಕ್ಕಿಂಗ್ ಕೂಡ ಮುಗಿದಿತ್ತು.

"ಮೇಡಂ, ನನ್ನ ಎರಡೂ ದಿನ ನೀವ ತಗೋರಿ, ಶುಕ್ರವಾರ ಒಂದು ನನಗ ಬಿಡ್ರಿ. ನಮ್ಮಪ್ಪ ಇನ್ನೊಮ್ಮೆ ಹಾಡಂಗಿಲ್ಲರಿ," ಎಂದೆ. ಆಪರೇಷನ್ನಿನ ವಿಷಯವನ್ನೂ ಹೇಳಿದೆ. ಕಣ್ಣಲ್ಲಿ ನೀರು ಬಂತು, ಥೂ, ಇವತ್ತಿಗೂ ಆ ನೀರಿಗಾಗಿ ನನ್ನ ಮೇಲೇ ಸಿಟ್ಟು ಬರುತ್ತದೆ.

ಅವರು ಸ್ಲೈಡಿನಿಂದ ಕಣ್ಣೆತ್ತಲಿಲ್ಲ. "ಬರೆದಿದ್ದು ಬರೆದಿದ್ದೇ ಅಲ್ವೇನಮ್ಮಾ? ನೀವು ಬರೆದಿರೋದು ಬುಧವಾರ, ಗುರುವಾರ. ಚಂದ್ರನ್ನ ನೋಡ್ಕೊಂಡು ಲ್ಯಾಬ್ ನಡೆಸೋಕಾಗುತ್ತಾ?"

ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಬುಧವಾರ ಊರು ಮುಟ್ಟಿದೆ, ಗುರುವಾರ ಮಧ್ಯಾಹ್ನ ವಾಪಸ್ ಹೊರಟೆ. ಬಸ್‌ಸ್ಟ್ಯಾಂಡಿನವರೆಗೂ ಅಪ್ಪ ಬಂದ. ದೂರದಲ್ಲಿ ಹಲಗೆಯನ್ನು ಬೆಂಕಿಗೆ ಕಾಯಿಸಿ ಬಡಿದು ನೋಡುತ್ತಿದ್ದ ಸದ್ದು. "ಹೋಗವ್ವಾ, ನೌಕರಿ ಅಂದ್ರ ಹಂಗ," ಎಂದ. ನಾಳೆಗೆಂದು ಉಳಿಸಿಕೊಂಡಿದ್ದ ದನಿಯನ್ನು ನನಗಾಗಿ ಒಂದಿಷ್ಟು ಖರ್ಚು ಮಾಡಲೋ ಬೇಡವೋ ಎನ್ನುವಂತೆ ನಿಂತಿದ್ದ. ಹಾಡಲಿಲ್ಲ. ನಾನೂ ಕೇಳಲಿಲ್ಲ.

ಶುಕ್ರವಾರ ಅಣ್ಣ ಮೊಬೈಲಿನಲ್ಲಿ ಹಿಡಿದು ಕಳಿಸಿದ. ಅದರಲ್ಲಿ ಹಲಗೆಯಿದೆ, ಜನರ ಕೂಗಿದೆ, ಯಾರದೋ ಟ್ರ್ಯಾಕ್ಟರಿನ ಹಾರ್ನ್ ಇದೆ. ಅಪ್ಪನ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ, ಅಷ್ಟೇ. ಮುಂದಿನ ವಾರ ಗಂಟಲು ಕೊಯ್ದರು. ಡಾಕ್ಟರು ಹೇಳಿದಂತೆಯೇ ಆಯಿತು. ಸೋಮವಾರ ಮೇಡಂ ಚಿಕ್ಕಮಗಳೂರಿನ ಕಾಫಿ ಪುಡಿ ತಂದು ಕೊಟ್ಟಿದ್ದರು. ಮನೆಗೆ ಬಂದು ಅದನ್ನು ಸಿಂಕಿಗೆ ಸುರಿದೆ.

ಆಮೇಲೆ ನಾನು ಕಾದೆ. ನಗುನಗುತ್ತಲೇ ಕಾದೆ.

ಮರುವರ್ಷದ ಕ್ಯಾಲೆಂಡರ್ ಬಂತು. ಮೊಹರಂ ಸೋಮವಾರ. ಶನಿವಾರಕ್ಕೂ ಸೋಮವಾರಕ್ಕೂ ಮೇಡಂ ಹೆಸರು ಬಿದ್ದಾಗಿತ್ತು. ಅವರ ತಾಯಿಗೆ ಎಪ್ಪತ್ತು ತುಂಬುತ್ತಿತ್ತಂತೆ, ತಮ್ಮಂದಿರೆಲ್ಲ ಸೇರಿ ಮೈಸೂರಿನ ಹತ್ತಿರ ರೆಸಾರ್ಟ್ ಹಿಡಿದಿದ್ದರಂತೆ. ನಾನು ಊರಿನ ಮುಜಾವರ್ ಚಾಚಾಗೆ ಫೋನ್ ಮಾಡಿದೆ. ಅಲಾಯಿ ದೇವರನ್ನು ಕೂಡಿಸುವವರು ಅವರೇ. "ಕ್ಯಾಲೆಂಡರ್ ಛಾಪಿಸೋರಿಗಿ ಏನ್ ಗೊತ್ತು ಬೇಟಿ? ಹೋದ ಸಲನೂ ತಪ್ಪಿತು, ಬಕ್ರೀದನೂ ತಪ್ಪಿತು. ನೀ ಒಂದಿನ ಮುಂದ ಹಿಡಿ," ಎಂದರು. ಮಂಗಳವಾರ, ಬುಧವಾರದ ಮೇಲೆ ನನ್ನ ಹೆಸರು ಬರೆದೆ. ಅಕ್ಷರ ದಪ್ಪಗೆ ಕಾಣಲೆಂದು ಎರಡೆರಡು ಸಲ ತೀಡಿದೆ.

ಮೇಡಂ ನಕ್ಕರು. "ಲಾಂಗ್ ವೀಕೆಂಡ್ ಮುಗಿದ ಮೇಲೆ ರಜೆ ಹಾಕ್ತಾರೇನ್ರೀ ಯಾರಾದ್ರೂ?"

"ನಮ್ಮ ಕಡೆ ಜನ ಹಂಗ ಇರ್ತಾರ್ರೀ ಮೇಡಂ, ದಡ್ಡರು," ಎಂದೆ.

ಹತ್ತು ದಿನ ಮೊದಲಿನ ಆ ಸಂಜೆ ಮಹಡಿ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. ಎಲ್ಲರೂ ಚಂದ್ರ ಕಾಣಲಿ ಎಂದು ನೋಡುತ್ತಾರೆ. ನಾನು ಕಾಣದಿರಲಿ ಎಂದು ನೋಡಿದೆ. ಮೋಡವೋ ಮೋಡ. ಚಂದ್ರ ಕಾಣಲಿಲ್ಲ. ಹಬ್ಬ ಮಂಗಳವಾರಕ್ಕೆ ಹೋಯಿತು, ಅದರ ಬೆನ್ನಿಗೇ ಸರ್ಕಾರಿ ರಜೆಯೂ ಹೋಯಿತು. ಮೇಡಂ ತಮ್ಮಂದಿರ ಆಫೀಸು, ಮಕ್ಕಳ ಶಾಲೆ ಸೋಮವಾರ ತೆರೆಯುವಂತಾದವು. ತಮ್ಮಂದಿರು ಅಕ್ಕನನ್ನು ಒಂದು ಮಾತೂ ಕೇಳದೆ ಕಾರ್ಯಕ್ರಮವನ್ನು ಮಂಗಳವಾರಕ್ಕೆ ಬದಲಾಯಿಸಿಬಿಟ್ಟರು. ಮೂರನೆಯವನಿಗೆ ಒಬ್ಬನಿಗೇ ಲ್ಯಾಬ್ ಬಿಡುವಂತಿರಲಿಲ್ಲ.

ಮೇಡಂ ನನ್ನ ಸ್ಟೂಲಿನ ಹತ್ತಿರ ಬಂದು ನಿಂತರು. ನಾನೂ ಸ್ಲೈಡಿನಿಂದ ಕಣ್ಣೆತ್ತಲಿಲ್ಲ. "ಒಂದೇ ದಿನ ಬಿಟ್ಕೊಡ್ರೀ. ಅಮ್ಮ ನಾನಿಲ್ಲದೆ ಕೇಕ್ ಕಟ್ ಮಾಡಲ್ಲ ಅಂತ ಕೂತಿದ್ದಾರೆ. ಆರೋಗ್ಯ ಬೇರೆ ಸರಿ ಇಲ್ಲ." ಅವರ ದನಿ ನಡುಗುತ್ತಿತ್ತು. ಅಯ್ಯೋ ದೇವರೇ, ಎಷ್ಟು ಚೆನ್ನಾಗಿ ನಡುಗುತ್ತಿತ್ತು!

"ಬರೆದಿದ್ದು ಬರೆದಿದ್ದೇ ಅಲ್ವೇನ್ರೀ ಮೇಡಂ?" ಎಂದೆ, ಅವರದೇ ಬೆಂಗಳೂರು ಕನ್ನಡದಲ್ಲಿ. "ಚಂದ್ರನ್ನ ನೋಡ್ಕೊಂಡು ಲ್ಯಾಬ್ ನಡೆಸೋಕಾಗುತ್ತಾ?"

ಅವರ ಮುಖ ಬಿಳಿಚಿಕೊಂಡಿತು. ವರ್ಷದ ಹಿಂದೆ ತಾವೇ ಆಡಿದ ಮಾತು ನೆನಪಾಯಿತೆಂದು ಗೊತ್ತಾಯಿತು. ಅಷ್ಟು ಸಾಕಿತ್ತು ನನಗೆ. ಸೋಮವಾರ ಸಂಜೆ ಯಾದಗಿರಿಯ ರೈಲು ಹತ್ತಿದಾಗ ಹಬ್ಬದ ಊಟ ಉಂಡಷ್ಟು ಹೊಟ್ಟೆ ತುಂಬಿತ್ತು.

ಮಂಗಳವಾರ ದೇವರು ಹಳ್ಳಕ್ಕೆ ಹೊರಟಿತು. ಅಪ್ಪನ ಜಾಗದಲ್ಲಿ ಬೇರೊಬ್ಬರು ಪದ ಹಿಡಿದರು. ಅಪ್ಪ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ತುಟಿ ಆಡಿಸುತ್ತಿದ್ದ. ಕಿವಿ ಹತ್ತಿರ ಒಯ್ದರೆ ಬರೀ ಗಾಳಿ. ಮೆರವಣಿಗೆ ದಾಟಿದ ಮೇಲೆ ಆ ಗಾಳಿಯಲ್ಲೇ ಕೇಳಿದ: "ಈ ಸಲ ಹೆಂಗ ಬಿಟ್ರು ನಿನ್ನ?"

ಹೆಮ್ಮೆಯಿಂದ ಎಲ್ಲ ಹೇಳಿದೆ. ಮೇಡಂ ದನಿ ನಡುಗಿದ್ದನ್ನು ಆಡಿಯೂ ತೋರಿಸಿದೆ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಚಾಚಾನ ಹತ್ತಿರ ಹೋಗಿ, ದೇವರ ಮುಂದೆ ಫಾತೆಹಾ ಓದಿಸಿದ್ದ ಪ್ರಸಾದದ ಸಕ್ಕರೆಯನ್ನು ಒಂದು ಕಾಗದದಲ್ಲಿ ಕಟ್ಟಿಸಿಕೊಂಡು ಬಂದ.

"ಆಕಿ ತಾಯಿಗಿ ಮುಟ್ಟಸು. ಆಯಮ್ಮಂದು ಹಬ್ಬ ನಮ್ಮಿಂದ ತಪ್ಪೇದ."

ಪೊಟ್ಟಣ ಚೀಲಕ್ಕೆ ಹಾಕಿಕೊಂಡೆ. ಬುಧವಾರ ಮಧ್ಯಾಹ್ನ ಬಸ್ಸು ಶಹಾಪುರ ಬಿಟ್ಟು ಯಾದಗಿರಿಯ ಕಡೆ ತಿರುಗಿದಾಗ ಅದನ್ನು ಬಿಚ್ಚಿದೆ. ಕಿಟಕಿಯ ಪಕ್ಕ ಕೂತು, ಬೆರಳು ನೆಕ್ಕಿ ನೆಕ್ಕಿ, ಸ್ಟೇಷನ್ ಬರುವುದರೊಳಗೆ ಅಷ್ಟನ್ನೂ ನಾನೇ ತಿಂದು ಮುಗಿಸಿದೆ. ಕಾಗದವನ್ನು ಉಂಡೆ ಮಾಡಿ ಹೊರಗೆ ಎಸೆದೆ.

ಮರುದಿನ ಅಪ್ಪನ ಫೋನು ಬಂತು. ಅವನ ಫೋನೆಂದರೆ ಈಗ ಉಸಿರಷ್ಟೇ, ಎರಡೂ ಕಿವಿ ಒಂದೇ ಮಾಡಿ ಕೇಳಬೇಕು. "ಸಕ್ರಿ ಕೊಟ್ಟಿ ಇಲ್ಲ?"

ಎದುರಿಗೆ ಮೇಡಂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು.

"ಕೊಟ್ಟೀನಪ್ಪಾ," ಎಂದೆ. "ಭಾಳ ಖುಷಿ ಆದ್ರು."